ಕಾರಿನ ಕೀಗೆ 21 ಸಾವಿರ: ನಾವು ಕೊಡ್ತಿರೋದು ಯಾವುದರ ಬೆಲೆ?

ನಮ್ಮ ಭಾವ ಬೆಂಗಳೂರಲ್ಲಿ ಟ್ಯಾಕ್ಸಿ ಓಡಿಸ್ತಾರೆ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಸೆಡಾನ್ ತಗೊಂಡರು. ಮಾರಿದವರು ಕೊಟ್ಟಿದ್ದು ಒಂದೇ ಕೀ. 'ಇನ್ನೊಂದು ಮನೇಲಿ ಎಲ್ಲೋ ಇದೆ, ಹುಡುಕಿ ಕೊಡ್ತೀನಿ' ಅಂದಿದ್ದ ಆ ಮನುಷ್ಯ ಆಮೇಲೆ ಫೋನ್ ಎತ್ತಲೇ ಇಲ್ಲ. ಒಂದು ದಿನ ಬೆಳಗಿನ ಜಾವ ಏರ್‌ಪೋರ್ಟ್ ಟ್ರಿಪ್ ಮುಗಿಸಿ, ಯಲಹಂಕದ ಹತ್ತಿರ ಟೀ ಕುಡಿಯೋಕೆ ನಿಲ್ಲಿಸಿದ್ದಾಗ ಇದ್ದ ಆ ಒಂದು ಕೀಯೂ ಕಳೆದುಹೋಯ್ತು. ಟೀ ಅಂಗಡಿ, ಮೋರಿ, ಪಕ್ಕದ ಪೆಟ್ರೋಲ್ ಬಂಕ್ ಎಲ್ಲ ಹುಡುಕಿದರೂ ಸಿಗಲಿಲ್ಲ.

ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ, ಮೊದಲು ಗಾಡಿ ಟೋ ಮಾಡಿಸಿ ತನ್ನಿ ಅಂದರು. ಟೋಯಿಂಗ್‌ಗೆ 2,500 ರೂಪಾಯಿ. ಆಮೇಲೆ ಬಂತು ಎಸ್ಟಿಮೇಟ್: ಲಾಕ್‌ಸೆಟ್ ಮತ್ತು ಎರಡು ಕೀ 14,200, ಪ್ರೋಗ್ರಾಮಿಂಗ್ ಮತ್ತು ಲೇಬರ್ 3,600, ಶೇ 18ರಷ್ಟು ಜಿಎಸ್‌ಟಿ 3,204. ಒಟ್ಟು 21,004 ರೂಪಾಯಿ. 'ಪಾರ್ಟ್ ಬರೋಕೆ ಎಂಟು ದಿನ ಆಗುತ್ತೆ ಸರ್' ಅಂದರು.

ರಾತ್ರಿ ಅಕ್ಕ ಫೋನ್ ಮಾಡಿದಳು. 'ನೀನು ಇಂಜಿನಿಯರಿಂಗ್ ಓದಿದ್ದೀಯಲ್ಲೋ, ಒಂದು ಕೀಗೆ ಯಾಕೋ ಇಷ್ಟು ದುಡ್ಡು?'

ನಾನು ಎಲೆಕ್ಟ್ರಾನಿಕ್ಸ್ ಓದಿ, ಮೂರು ವರ್ಷ ಕೆಲಸ ಮಾಡಿ, ಪತ್ರಿಕೋದ್ಯಮಕ್ಕೆ ಬಂದವನು. ಅವಳ ಪ್ರಶ್ನೆಗೆ ಆ ರಾತ್ರಿ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದಾಗ ಗೊತ್ತಾಯ್ತು, ಇದು ಬರೀ ಕೀ ವಿಷಯ ಅಲ್ಲ. ದುಡ್ಡು ಕೊಟ್ಟು ತಗೊಂಡ ವಸ್ತುವನ್ನ ರಿಪೇರಿ ಮಾಡಿಸೋ ಹಕ್ಕು ಯಾರ ಕೈಲಿದೆ ಅನ್ನೋ ವಿಷಯ. ಹಾಗಾಗಿ ಮೊದಲಿಂದ ಬಿಡಿಸಿ ಹೇಳ್ತೀನಿ.

ಕೀ ಒಳಗೆ ಏನೇನಿದೆ?

ಇವತ್ತಿನ ಒಂದು ಕಾರ್ ಕೀ ಅಂದ್ರೆ ಅದರಲ್ಲಿ ಮೂರು ಬೇರೆ ಬೇರೆ ಕೀಗಳಿವೆ ಅಂದುಕೊಳ್ಳಿ.

ಮೊದಲನೆಯದು ಕಣ್ಣಿಗೆ ಕಾಣೋ ಲೋಹದ ಬ್ಲೇಡ್. ಹಳೇ ಕೀಗಳಲ್ಲಿ ಅಂಚಿನಲ್ಲಿ ಹಲ್ಲುಗಳಿರುತ್ತಿದ್ದವು. ಈಗಿನ ಹಲವು ಕೀಗಳಲ್ಲಿ ಬ್ಲೇಡಿನ ಮೈಮೇಲೆ ಹಾವಿನ ಹಾಗೆ ಹರಿಯೋ ಗೆರೆ ಕೊರೆದಿರುತ್ತಾರೆ. ಇದನ್ನ ಕತ್ತರಿಸೋಕೆ ಬೇರೆ ಮಷೀನ್ ಬೇಕು. ಆದರೆ ಕೆಲಸ ಕೆಲವೇ ನಿಮಿಷದ್ದು.

ಎರಡನೆಯದು ರಿಮೋಟ್. ಬಟನ್ ಒತ್ತಿದಾಗ ಬಾಗಿಲು ತೆರೆಯೋ ರೇಡಿಯೋ. ನಮ್ಮಲ್ಲಿ ಇದು ಹೆಚ್ಚಾಗಿ 433 ಮೆಗಾಹರ್ಟ್ಜ್ ಸುತ್ತಮುತ್ತ ಕೆಲಸ ಮಾಡುತ್ತೆ. ಪ್ರತಿ ಸಲ ಒತ್ತಿದಾಗಲೂ ಕಳಿಸೋ ಸಂಖ್ಯೆ ಬದಲಾಗುತ್ತೆ. ಯಾರಾದರೂ ಹಳೇ ಸಿಗ್ನಲ್ ಕದ್ದು ಮತ್ತೆ ಕಳಿಸಿದರೆ ಕಾರು ಒಪ್ಪಬಾರದು ಅನ್ನೋ ಕಾರಣಕ್ಕೆ ಈ ವ್ಯವಸ್ಥೆ.

ಮೂರನೆಯದು ಕಣ್ಣಿಗೆ ಕಾಣಲ್ಲ. ಅದೇ ಟ್ರಾನ್ಸ್‌ಪಾಂಡರ್ ಚಿಪ್. ಇದಕ್ಕೆ ಬ್ಯಾಟರಿ ಬೇಡ. ಇಗ್ನಿಷನ್ ಸುತ್ತ ಒಂದು ತಂತಿಯ ಸುರುಳಿ ಇರುತ್ತೆ. ಕೀ ತಿರುಗಿಸಿದಾಗ ಆ ಸುರುಳಿ ಸಾಮಾನ್ಯವಾಗಿ 125 ಕಿಲೋಹರ್ಟ್ಜ್‌ನಲ್ಲಿ ಚಿಪ್‌ಗೆ ಶಕ್ತಿ ಕೊಡುತ್ತೆ. ಮೆಟ್ರೋ ಕಾರ್ಡನ್ನ ಗೇಟಿಗೆ ತೋರಿಸಿದಾಗ ಆಗೋದೂ ಹೆಚ್ಚುಕಡಿಮೆ ಇದೇ. ಕಾರು ಒಂದು ಪ್ರಶ್ನೆ ಕೇಳುತ್ತೆ, ಚಿಪ್ ತನ್ನೊಳಗಿನ ಗುಟ್ಟಿನ ಸಂಖ್ಯೆ ಬಳಸಿ ಉತ್ತರ ಲೆಕ್ಕ ಹಾಕಿ ಕಳಿಸುತ್ತೆ. ಉತ್ತರ ಸರಿ ಇದ್ದರೆ ಇಂಜಿನ್ ಸ್ಟಾರ್ಟ್ ಆಗುತ್ತೆ. ತಪ್ಪಿದ್ದರೆ ಬ್ಲೇಡ್ ಎಷ್ಟೇ ಸರಿಯಾಗಿ ಕೂತರೂ ಇಂಜಿನ್ ಓಡಲ್ಲ. ಈ ವ್ಯವಸ್ಥೆಗೇ ಇಮ್ಮೊಬಿಲೈಸರ್ ಅಂತಾರೆ.

ಪುಶ್ ಬಟನ್ ಇರೋ ಕಾರುಗಳ ಸ್ಮಾರ್ಟ್ ಕೀ ಇದರ ಮುಂದಿನ ಹಂತ. ನೀವು ಹಿಡಿಕೆ ಮುಟ್ಟಿದಾಗ ಕಾರಿನ ಆಂಟೆನಾ ಸಣ್ಣ ದೂರಕ್ಕೆ ಒಂದು ಸಿಗ್ನಲ್ ಕಳಿಸಿ ಕೀಯನ್ನ ಎಬ್ಬಿಸುತ್ತೆ, ಕೀ ರೇಡಿಯೋದಲ್ಲಿ ಉತ್ತರ ಕೊಡುತ್ತೆ. ಇದರ ಬ್ಯಾಟರಿ ಸತ್ತರೆ ಗಾಬರಿ ಬೇಡ. ಸಾಮಾನ್ಯವಾಗಿ ಒಳಗೊಂದು ಸಣ್ಣ ಲೋಹದ ಕೀ ಅಡಗಿರುತ್ತೆ, ಅದರಿಂದ ಬಾಗಿಲು ತೆಗೀಬಹುದು. ಹಲವು ಕಾರುಗಳಲ್ಲಿ ಕೀಯನ್ನ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದರೆ ಒಳಗಿನ ಬ್ಯಾಟರಿ ಬೇಡದ ಚಿಪ್ ಕೆಲಸ ಮಾಡುತ್ತೆ. ಸತ್ತ ಬ್ಯಾಟರಿಯನ್ನ 'ಕೀ ಹೋಯ್ತು' ಅಂದುಕೊಂಡು ಸಾವಿರಾರು ರೂಪಾಯಿ ಕೊಟ್ಟವರನ್ನ ನಾನೇ ನೋಡಿದ್ದೀನಿ.

'ಪ್ರೋಗ್ರಾಮಿಂಗ್' ಅಂದ್ರೆ ನಿಜವಾಗಿ ಏನು ಮಾಡ್ತಾರೆ?

ಬಿಲ್‌ನಲ್ಲಿ ಈ ಪದ ನೋಡಿದರೆ ಯಾರೋ ಕೂತು ಕೋಡ್ ಬರೀತಾರೆ ಅನಿಸುತ್ತೆ. ಹಾಗೇನಿಲ್ಲ. ಕಾರಿನ ಕಂಪ್ಯೂಟರ್‌ನಲ್ಲಿ 'ಈ ಕೀಗಳು ನಮ್ಮವು' ಅನ್ನೋ ಒಂದು ಪಟ್ಟಿ ಇರುತ್ತೆ. ಹೊಸ ಕೀಯನ್ನ ಆ ಪಟ್ಟಿಗೆ ಸೇರಿಸೋದೇ ಪ್ರೋಗ್ರಾಮಿಂಗ್. ರೇಷನ್ ಕಾರ್ಡಿಗೆ ಹೆಸರು ಸೇರಿಸಿದ ಹಾಗೆ.

ಸ್ಟೀರಿಂಗ್ ಕೆಳಗೆ ಓಬಿಡಿ ಅನ್ನೋ ಒಂದು ಸಾಕೆಟ್ ಇದೆ. ಅಲ್ಲಿಗೆ ಸ್ಕ್ಯಾನರ್ ಸಿಕ್ಕಿಸ್ತಾರೆ. 'ಹೊಸ ಕೀ ಸೇರಿಸು' ಅಂದಾಗ ಕಾರು ಮೊದಲು ಪಾಸ್‌ವರ್ಡ್ ಕೇಳುತ್ತೆ. ಕೆಲವು ಕಾರುಗಳಲ್ಲಿ ಇದು ನಾಲ್ಕೋ ಆರೋ ಅಂಕಿಯ ಪಿನ್. ಇನ್ನು ಕೆಲವದರಲ್ಲಿ ಸ್ಕ್ಯಾನರ್ ಕಂಪನಿಯ ಸರ್ವರ್‌ಗೆ ಇಂಟರ್‌ನೆಟ್ ಮೂಲಕ ಸೇರಿ, ಅಲ್ಲಿಂದ ಅನುಮತಿ ಬಂದ ಮೇಲೇ ಕೆಲಸ ಮುಂದುವರಿಯುತ್ತೆ. ಪಾಸ್‌ವರ್ಡ್ ಸಿಕ್ಕ ಮೇಲೆ ಉಳಿದಿದ್ದು ಸಾಮಾನ್ಯವಾಗಿ ಕೆಲವು ನಿಮಿಷದ ಕೆಲಸ.

ಇಲ್ಲಿ ಎರಡು ಪರಿಸ್ಥಿತಿಗಳ ವ್ಯತ್ಯಾಸ ತಿಳ್ಕೊಳ್ಳಬೇಕು. ಒಂದು ಕೀ ಕೈಲಿದ್ದು ಇನ್ನೊಂದು ಮಾಡಿಸೋದು ಸುಲಭ, ಅಗ್ಗ. ಎಲ್ಲ ಕೀ ಕಳೆದಿದ್ದರೆ ಕಥೆಯೇ ಬೇರೆ. ಇರೋ ಕೀ ನೋಡಿ ಬ್ಲೇಡ್ ಕತ್ತರಿಸೋಕಾಗಲ್ಲ, ಬೀಗದಿಂದಲೋ ಕಂಪನಿಯ ಕೋಡ್‌ನಿಂದಲೋ ಅಳತೆ ತೆಗೀಬೇಕು. ಹಳೇ ಕೀ ಇಲ್ಲದಾಗ ಕೆಲವು ಕಾರುಗಳು ಹೊಸದನ್ನ ಸುಲಭಕ್ಕೆ ಒಪ್ಪಲ್ಲ. ಇಂಥ ಸಂದರ್ಭದಲ್ಲೇ ಎಷ್ಟೋ ಸರ್ವಿಸ್ ಸೆಂಟರ್‌ಗಳು ಪೂರ್ತಿ ಲಾಕ್‌ಸೆಟ್, ಕೆಲವೊಮ್ಮೆ ಇಸಿಯು ಕೂಡ ಬದಲಿಸಬೇಕು ಅಂತ ಹೇಳೋದು.

ಇನ್ನೊಂದು ಪದ ಕ್ಲೋನಿಂಗ್. ಇದರಲ್ಲಿ ಪಟ್ಟಿಗೆ ಹೊಸ ಹೆಸರು ಸೇರಲ್ಲ, ಇರೋ ಕೀಯ ಚಿಪ್‌ನಲ್ಲಿರೋ ಮಾಹಿತಿಯನ್ನೇ ಇನ್ನೊಂದಕ್ಕೆ ನಕಲು ಮಾಡ್ತಾರೆ. ಕಾರಿಗೆ ಎರಡೂ ಒಂದೇ ಕೀ. ಅಗ್ಗ ಹೌದು. ಆದರೆ ನಾಳೆ ಒಂದು ಕಳೆದರೆ ಅದನ್ನ ಮಾತ್ರ ಪಟ್ಟಿಯಿಂದ ತೆಗೆಯೋಕೆ ಬರಲ್ಲ.

ಬಿಲ್ ಬಿಡಿಸಿ ನೋಡಿದರೆ

ಟೋಯಿಂಗ್‌ಗೆ ಮುಂಚೆ ಇನ್ನೊಂದು ದಾರಿ ನೋಡೋಣ ಅಂತ ಭಾವನನ್ನ ಜೆ.ಸಿ. ರಸ್ತೆಗೆ ಕರೆದುಕೊಂಡು ಹೋದೆ. ಬೆಂಗಳೂರಲ್ಲಿ ಗಾಡಿ ಬಿಡಿಭಾಗ ಅಂದ್ರೆ ಎಲ್ಲರೂ ಮೊದಲು ಹೋಗೋ ಜಾಗ. ಅಲ್ಲಿಂದ ಒಂದು ಗಲ್ಲಿಯ ಒಳಗೆ, ಮೂರಡಿ ಅಗಲದ ಅಂಗಡಿಯಲ್ಲಿ ಕೂತಿದ್ದ ಕೀ ಮಾಡುವವರು ಗಾಡಿಯ ಮಾಡೆಲ್, ವರ್ಷ ಕೇಳಿದರು. 'ಎರಡು ಕೀ, ರಿಮೋಟ್ ಸೇರಿ ಆರೂವರೆ ಸಾವಿರ. ಗಾಡಿ ಇರೋ ಕಡೆಗೇ ಬರ್ತೀನಿ ಸಾರ್.'

ಬಂದರು. ಬಾಗಿಲಿನ ಬೀಗದಿಂದ ಅಳತೆ ತೆಗೆದರು. ಬ್ಯಾಟರಿಯಲ್ಲಿ ಓಡೋ ಸಣ್ಣ ಮಷೀನ್‌ನಲ್ಲಿ ಟೀ ಅಂಗಡಿಯ ಬೆಂಚಿನ ಮೇಲೇ ಬ್ಲೇಡ್ ಕತ್ತರಿಸಿದರು. ಚೀನಾದಲ್ಲಿ ತಯಾರಾದ ಒಂದು ಟ್ಯಾಬ್ಲೆಟ್ ಓಬಿಡಿಗೆ ಸಿಕ್ಕಿಸಿದರು. ನಲವತ್ತು ನಿಮಿಷದಲ್ಲಿ ಗಾಡಿ ಸ್ಟಾರ್ಟ್ ಆಯ್ತು. ಲಾಕ್‌ಸೆಟ್ ಬದಲಿಸೋ ಅಗತ್ಯವೇ ಬೀಳಲಿಲ್ಲ.

ಲೆಕ್ಕ ಹಾಕಿ ನೋಡಿ. ಖರ್ಚೆಲ್ಲ ಕಳೆದು ಭಾವನಿಗೆ ದಿನಕ್ಕೆ ಉಳಿಯೋದು ಸುಮಾರು 1,500 ರೂಪಾಯಿ. ಎಂಟು ದಿನ ಗಾಡಿ ನಿಂತರೆ 12,000 ಹೋಯ್ತು. ಎಸ್ಟಿಮೇಟ್ 21,004, ಟೋಯಿಂಗ್ 2,500. ಒಟ್ಟು 35,504. ಗಾಡಿ ನಿಂತಿದೆ ಅಂತ ಫೈನಾನ್ಸ್‌ನವರು ಕಂತು ಬಿಡಲ್ಲ. ಇನ್ನೊಂದು ಕಡೆ 6,500 ರೂಪಾಯಿ ಮತ್ತು ಅರ್ಧ ದಿನ.

ಈ ವ್ಯತ್ಯಾಸ ಎಲ್ಲಿಂದ ಬರುತ್ತೆ? ಚಿಪ್‌ನಿಂದ ಅಲ್ಲ. ಖಾಲಿ ಟ್ರಾನ್ಸ್‌ಪಾಂಡರ್ ಚಿಪ್ ಮಾರುಕಟ್ಟೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಬ್ಲೇಡ್ ಇನ್ನೂ ಅಗ್ಗ. ಲೇಬರ್ ಒಂದು ಗಂಟೆಯೊಳಗಿನದು. ಅಧಿಕೃತ ಕೇಂದ್ರಕ್ಕೆ ತರಬೇತಿ, ಕಟ್ಟಡ, ವಾರಂಟಿ ಅಂತ ನ್ಯಾಯವಾದ ಖರ್ಚುಗಳಿವೆ, ಒಪ್ಪೋಣ. ಮೂಲ ಕಂಪನಿಯ ಕೀ ಗಟ್ಟಿ ಇರುತ್ತೆ, ಅದನ್ನೂ ಒಪ್ಪೋಣ. ಅದೆಲ್ಲ ಕಳೆದ ಮೇಲೂ ಉಳಿಯೋ ದೊಡ್ಡ ಮೊತ್ತ ಆ ಪಾಸ್‌ವರ್ಡ್‌ನದು. ಅದು ಒಬ್ಬರ ಹತ್ತಿರ ಮಾತ್ರ ಇದೆ, ನಿಮಗೆ ಬೇರೆ ಕಡೆ ಹೋಗೋಕಾಗಲ್ಲ. ಹಾಗಾಗಿ ಅವರು ಹೇಳಿದ್ದೇ ರೇಟು. ನಾವು ಕೊಡ್ತಿರೋದು ಅನುಮತಿಯ ಬೆಲೆ.

ಈ ಬೀಗ ಬಂದಿದ್ದು ಯಾಕೆ?

ಇಮ್ಮೊಬಿಲೈಸರ್ ಕಂಪನಿಗಳು ದುಡ್ಡು ಮಾಡೋಕೆ ಹುಟ್ಟಿಸಿದ ನಾಟಕ ಅಂದುಬಿಟ್ಟರೆ ತಪ್ಪಾಗುತ್ತೆ. ಅದು ನಿಜವಾಗಿಯೂ ಕಳ್ಳತನ ತಡೆದಿದೆ.

1986ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ತನ್ನ ಕಾರ್ವೆಟ್ ಕಾರಿನ ಕೀಯಲ್ಲಿ ಒಂದು ರೆಸಿಸ್ಟರ್ ಕೂರಿಸಿತು. ಒಟ್ಟು 15 ಬಗೆಯ ರೆಸಿಸ್ಟರ್‌ಗಳಿದ್ದವು, ಸರಿಯಾದ್ದು ಇದ್ದರೆ ಮಾತ್ರ ಗಾಡಿ ಸ್ಟಾರ್ಟ್. ಬರೀ ಹದಿನೈದೇ ಆದ್ದರಿಂದ ಕಳ್ಳರಿಗೆ ಅದು ದೊಡ್ಡ ತಲೆನೋವಾಗಿ ಉಳಿಯಲಿಲ್ಲ. 1990ರ ದಶಕದಲ್ಲಿ ಚಿಪ್ ಬಂತು. 1995ರಲ್ಲಿ ಐರೋಪ್ಯ ಒಕ್ಕೂಟ ನಿರ್ದೇಶನ ಹೊರಡಿಸಿ, 1998ರಿಂದ ಹೊಸ ಕಾರುಗಳಿಗೆಲ್ಲ ಇಮ್ಮೊಬಿಲೈಸರ್ ಕಡ್ಡಾಯ ಮಾಡಿತು. ಕೆನಡಾ 2007ರಲ್ಲಿ ಕಡ್ಡಾಯ ಮಾಡಿತು.

ಅಮೆರಿಕ ಮಾತ್ರ ಕಡ್ಡಾಯ ಮಾಡಲಿಲ್ಲ. ಅದರ ಫಲ 2021ರ ಹೊತ್ತಿಗೆ ಕಾಣಿಸಿತು. ಅಲ್ಲಿ ಮಾರಾಟವಾಗಿದ್ದ ಹ್ಯುಂಡೈ ಮತ್ತು ಕಿಯಾದ ಲಕ್ಷಾಂತರ ಕಾರುಗಳಲ್ಲಿ ಇಮ್ಮೊಬಿಲೈಸರ್ ಇರಲಿಲ್ಲ. ಯುಎಸ್‌ಬಿ ಕೇಬಲ್‌ನ ತುದಿಯಿಂದ ಇಗ್ನಿಷನ್ ತಿರುಗಿಸಿ ಕಾರು ಒಯ್ಯೋ ವಿಡಿಯೋಗಳು ಟಿಕ್‌ಟಾಕ್‌ನಲ್ಲಿ ಹಬ್ಬಿದವು. ಹದಿಹರೆಯದ ಹುಡುಗರು ಕದ್ದು ಓಡಿಸಿ ಅಪಘಾತದಲ್ಲಿ ಸತ್ತರು. ಕಂಪನಿಗಳು ಕೊನೆಗೆ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟು, ಮಾಲೀಕರಿಗೆ ಪರಿಹಾರ ಕೊಡೋ ಒಪ್ಪಂದಕ್ಕೂ ಬರಬೇಕಾಯ್ತು.

ಅಂದ್ರೆ ಚಿಪ್ ಬೇಕು. ಜಗಳ ಇರೋದು ಚಿಪ್ ಜೊತೆ ಅಲ್ಲ. ಆ ಚಿಪ್‌ನ ಗುಟ್ಟು ಯಾರ ಹತ್ತಿರ ಇರಬೇಕು ಅನ್ನೋದರ ಬಗ್ಗೆ.

'ಗುಟ್ಟು ಬಿಟ್ಟುಕೊಟ್ಟರೆ ಕಳ್ಳರಿಗೆ ಅನುಕೂಲ'

ಕಂಪನಿಗಳ ಮುಖ್ಯ ವಾದ ಇದು. ಕೋಡ್, ಉಪಕರಣ ಹೊರಗಿನವರಿಗೆ ಸಿಕ್ಕರೆ ಕಳ್ಳರ ಕೈಗೂ ಸಿಗುತ್ತೆ ಅಂತ. ಕೇಳೋಕೆ ಸರಿ ಅನಿಸುತ್ತೆ. ಆದರೆ ಗುಟ್ಟಾಗಿ ಇಟ್ಟಿದ್ದೆಲ್ಲ ಭದ್ರ ಅಲ್ಲ ಅಂತ ಕಳೆದ ಇಪ್ಪತ್ತು ವರ್ಷ ತೋರಿಸಿದೆ.

2005ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಲ್ಯಾಬೊರೇಟರೀಸ್‌ನ ಸಂಶೋಧಕರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಒಂದು ಚಿಪ್‌ನ ಗುಟ್ಟು ಬಿಡಿಸಿದರು. ಅದರ ಗುಪ್ತ ಸಂಖ್ಯೆ ಬರೀ 40 ಬಿಟ್ ಇತ್ತು. 2012ರಲ್ಲಿ ಹಿಟ್ಯಾಗ್2 ಅನ್ನೋ, ಹಲವು ಕಂಪನಿಗಳ ಕಾರುಗಳಲ್ಲಿದ್ದ ಚಿಪ್‌ನ ದೌರ್ಬಲ್ಯ ಬಯಲಾಯ್ತು. ಅದನ್ನ ಕೆಲವೇ ನಿಮಿಷಗಳಲ್ಲಿ ಮುರಿಯಬಹುದಿತ್ತು.

ಮೂರನೇ ಕಥೆ ಎಲ್ಲಕ್ಕಿಂತ ರಾಜಕೀಯವಾದದ್ದು. ಮೆಗಾಮೋಸ್ ಕ್ರಿಪ್ಟೋ ಅನ್ನೋ ಚಿಪ್‌ನ ದೋಷಗಳನ್ನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಫ್ಲಾವಿಯೊ ಗಾರ್ಸಿಯಾ, ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ರೋಲ್ ವರ್ಡಲ್ಟ್ ಮತ್ತು ಬಾರಿಸ್ ಎಗೆ ಕಂಡುಹಿಡಿದಿದ್ದರು. 2013ರಲ್ಲಿ ಫೋಕ್ಸ್‌ವ್ಯಾಗನ್ ಇಂಗ್ಲೆಂಡಿನ ಹೈಕೋರ್ಟ್‌ಗೆ ಹೋಗಿ ಆ ಪ್ರಬಂಧ ಪ್ರಕಟವಾಗದ ಹಾಗೆ ತಡೆಯಾಜ್ಞೆ ತಂದಿತು. ಎರಡು ವರ್ಷ ಅದು ಬೆಳಕು ಕಾಣಲಿಲ್ಲ. 2015ರಲ್ಲಿ ಒಂದೇ ಒಂದು ವಾಕ್ಯ ತೆಗೆದು ಪ್ರಕಟಿಸೋಕೆ ಒಪ್ಪಿಗೆ ಸಿಕ್ಕಿತು. ಆ ಎರಡು ವರ್ಷ ದುರ್ಬಲ ಚಿಪ್ ಇಟ್ಕೊಂಡು ಓಡಾಡ್ತಿದ್ದ ಮಾಲೀಕರಿಗೆ ತಮ್ಮ ಕಾರಿನ ಬೀಗ ಎಷ್ಟು ಗಟ್ಟಿ ಅಂತ ತಿಳ್ಕೊಳ್ಳೋ ಅವಕಾಶವೂ ಇರಲಿಲ್ಲ.

ಇವತ್ತಿನ ಹೈಟೆಕ್ ಕಳ್ಳರಿಗೆ ಎಷ್ಟೋ ಸಲ ಕಂಪನಿಯ ಪಾಸ್‌ವರ್ಡೇ ಬೇಕಾಗಿಲ್ಲ. ಮನೆಯೊಳಗಿರೋ ಸ್ಮಾರ್ಟ್ ಕೀಯ ಸಿಗ್ನಲ್ಲನ್ನ ಎರಡು ಪೆಟ್ಟಿಗೆಗಳ ಮೂಲಕ ಹೊರಗಿನ ಕಾರಿನವರೆಗೆ ಎಳೆದು ತರೋ 'ರಿಲೇ' ವಿಧಾನವನ್ನ ಜೂರಿಕ್‌ನ ಇಟಿಎಚ್ ಸಂಶೋಧಕರು ಎಂಟು ಕಂಪನಿಗಳ ಹತ್ತು ಕಾರುಗಳ ಮೇಲೆ ಪರೀಕ್ಷಿಸಿ 2011ರಲ್ಲೇ ವರದಿ ಮಾಡಿದ್ದರು. ಕೀಯನ್ನೇ ಬಿಟ್ಟು, ಹೆಡ್‌ಲೈಟ್ ಹಿಂದಿನ ವೈರ್ ಮೂಲಕ ಕಾರಿನ ಒಳಜಾಲಕ್ಕೆ ಸುಳ್ಳು ಸಂದೇಶ ಕಳಿಸೋ ಕಳ್ಳತನ 2023ರಲ್ಲಿ ಸುದ್ದಿಯಾಯ್ತು. ಕಳ್ಳ ಬೇರೆ ದಾರಿ ಹುಡುಕಿಕೊಂಡ. ಗುಟ್ಟಿನ ಭಾರ ಹೊರ್ತಿರೋದು ಕೀ ಕಳ್ಕೊಂಡ ಮಾಲೀಕ.

ಕಾನೂನು ಏನು ಹೇಳುತ್ತೆ?

ಈ ಪ್ರಶ್ನೆ ನಮ್ಮ ದೇಶದಲ್ಲಿ ಹೊಸದಲ್ಲ. 2011ರಲ್ಲಿ ಶಂಶೇರ್ ಕಟಾರಿಯಾ ಎಂಬ ಗ್ರಾಹಕರು ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಒಂದು ದೂರು ತಂದರು. ಕಾರು ಕಂಪನಿಗಳು ಬಿಡಿಭಾಗ, ಡಯಾಗ್ನೋಸ್ಟಿಕ್ ಉಪಕರಣ, ರಿಪೇರಿ ಮಾಹಿತಿಯನ್ನ ತಮ್ಮ ಅಧಿಕೃತ ಡೀಲರ್‌ಗಳಿಗೆ ಮಾತ್ರ ಕೊಡ್ತಿವೆ, ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದ ಹಾಗೆ ಮಾಡಿವೆ ಅನ್ನೋದು ದೂರು. ಮೂರು ಕಂಪನಿಗಳಿಂದ ಶುರುವಾದ ತನಿಖೆ ಇಡೀ ಉದ್ಯಮಕ್ಕೆ ಹಬ್ಬಿತು.

2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಟಾಟಾ ಮೋಟಾರ್ಸ್‌ಗೆ 1,346 ಕೋಟಿ, ಮಾರುತಿ ಸುಜುಕಿಗೆ 471 ಕೋಟಿ, ನಮ್ಮ ಬಿಡದಿಯಲ್ಲಿ ಕಾರ್ಖಾನೆ ಇರೋ ಟೊಯೊಟಾ ಕಿರ್ಲೋಸ್ಕರ್‌ಗೆ 93 ಕೋಟಿ.

ಆ ಆದೇಶದ ತರ್ಕ ನಮ್ಮ ಕೀ ಕಥೆಗೆ ನೇರವಾಗಿ ಹೊಂದುತ್ತೆ. ಕಾರು ಕೊಳ್ಳೋವಾಗ ನಿಮಗೆ ಹತ್ತು ಕಂಪನಿಗಳ ಆಯ್ಕೆ ಇದೆ. ಕೊಂಡ ಮೇಲೆ ಆ ಕಾರಿನ ಬಿಡಿಭಾಗ ಮತ್ತು ರಿಪೇರಿಗೆ ಆಯ್ಕೆ ಇಲ್ಲ. ಹಾಗಾಗಿ ಪ್ರತಿ ಬ್ರ್ಯಾಂಡಿನ ಬಿಡಿಭಾಗ ಮತ್ತು ರಿಪೇರಿಯನ್ನ ಬೇರೆಯದೇ ಮಾರುಕಟ್ಟೆ ಅಂತ ನೋಡಬೇಕು, ಅದರಲ್ಲಿ ಆ ಕಂಪನಿಯದೇ ಪ್ರಾಬಲ್ಯ ಅಂತ ಆಯೋಗ ಹೇಳಿತು. ಬಿಡಿಭಾಗ, ಉಪಕರಣ ಹೊರಗಿನವರಿಗೂ ಸಿಗುವ ಹಾಗೆ ಮಾಡಿ, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡಬೇಡಿ ಅಂತ ನಿರ್ದೇಶನ ಕೊಟ್ಟಿತು.

ಕಂಪನಿಗಳು ಮೇಲ್ಮನವಿ, ರಿಟ್ ಅಂತ ಬೇರೆ ಬೇರೆ ಕಡೆ ಹೋದವು. ಟೊಯೊಟಾ, ಫೋರ್ಡ್, ನಿಸ್ಸಾನ್ ಪ್ರಕರಣದಲ್ಲಿ 2016ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ತಪ್ಪು ನಡೆದಿದೆ ಅನ್ನೋದನ್ನ ಎತ್ತಿಹಿಡಿದು, ದಂಡವನ್ನ ಮಾತ್ರ ಬಿಡಿಭಾಗ ವಹಿವಾಟಿನ ಶೇ 2ಕ್ಕೆ ಇಳಿಸಿತು.

ಮುಂದೆ 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕು' ಕುರಿತು ಒಂದು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹಬಳಕೆ ವಸ್ತುಗಳ ಜೊತೆ ವಾಹನಗಳನ್ನೂ ಪಟ್ಟಿಗೆ ಸೇರಿಸಿತು. ಅದೇ ವರ್ಷ ಡಿಸೆಂಬರ್ 24ರಂದು ಒಂದು ಪೋರ್ಟಲ್ ಶುರುವಾಯ್ತು. ಪೋರ್ಟಲ್‌ನಲ್ಲಿ ಕಂಪನಿಗಳು ಮಾಹಿತಿ ಹಾಕಬಹುದು. ಹಾಕಲೇಬೇಕು, ಹಾಕದಿದ್ದರೆ ಇಂಥ ಶಿಕ್ಷೆ ಅನ್ನೋ ಕಾನೂನು ಬರಲಿಲ್ಲ. ಹಕ್ಕು ಅಂತ ಕರೆದು ವೆಬ್‌ಸೈಟ್ ಕೊಟ್ಟರು, ಅಷ್ಟೇ.

ಗಲ್ಲಿಯ ಭಾಯ್ ಮತ್ತು ಒಂದು ನೋಟ್‌ಬುಕ್

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಲಭ: ಕಂಪನಿ ಕೆಟ್ಟದ್ದು, ಗಲ್ಲಿಯ ಕೀ ಅಂಗಡಿ ಒಳ್ಳೆಯದು. ಆದರೆ ಆ ದಿನ ಯಲಹಂಕದಲ್ಲಿ ನಿಂತು ನೋಡ್ತಿದ್ದಾಗ ನನಗೇ ಒಂದು ಭಯ ಬಂದಿತ್ತು. ಇವರು ನಲವತ್ತು ನಿಮಿಷದಲ್ಲಿ ನಮ್ಮ ಗಾಡಿಗೆ ಹೊಸ ಕೀ ಮಾಡಬಹುದು ಅಂದ್ರೆ, ಯಾರ ಗಾಡಿಗೆ ಬೇಕಾದರೂ ಮಾಡಬಹುದಲ್ವಾ?

ಕೇಳಿಯೇ ಬಿಟ್ಟೆ. 'ಭಾಯ್, ನಾನೇ ಕಳ್ಳ ಆಗಿದ್ದರೆ?'

ಅವರು ನಕ್ಕು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಕೆಲಸ ಶುರು ಮಾಡೋ ಮುಂಚೆಯೇ ಭಾವನ ಆರ್‌ಸಿ, ಆಧಾರ್ ಕೇಳಿ ಫೋಟೋ ತಗೊಂಡಿದ್ದರು. ನೋಟ್‌ಬುಕ್‌ನಲ್ಲಿ ಗಾಡಿ ನಂಬರ್, ದಿನಾಂಕ, ಫೋನ್ ನಂಬರ್, ಸಹಿ. 'ಪೊಲೀಸರು ಬಂದು ಕೇಳಿದರೆ ನಾನು ಏನು ತೋರಿಸಲಿ ಸಾರ್? ಅದಕ್ಕೆ ಬರೆದಿಡ್ತೀನಿ. ಆರ್‌ಸಿ ಇಲ್ಲ ಅಂದವರಿಗೆ ಮಾಡಲ್ಲ. ಪಕ್ಕದವನು ಕೇಳ್ತಾನೋ ಇಲ್ವೋ, ನನಗೆ ಗೊತ್ತಿಲ್ಲ.'

ಸಮಸ್ಯೆ ಪೂರ್ತಿ ಆ ಕೊನೇ ವಾಕ್ಯದಲ್ಲಿದೆ. ಇಂಥ ಕೆಲಸಕ್ಕೆ ಕಂಪನಿಯ ಮಾನ್ಯತೆ ಇಲ್ಲ, ನೋಟ್‌ಬುಕ್ ಇಡೋ ನಿಯಮ ಅವರೇ ಮಾಡ್ಕೊಂಡಿದ್ದು. ಬಳಸೋ ಉಪಕರಣ ಕಂಪನಿಯ ಒಪ್ಪಿಗೆ ಇಲ್ಲದೆ ಬೇರೆಯವರು ತಯಾರಿಸಿದ್ದು. ಏನಾದರೂ ಕೆಟ್ಟರೆ ಭಾವನಿಗೂ ರಕ್ಷಣೆ ಇಲ್ಲ, ಅವರಿಗೂ ಇಲ್ಲ. ಎಲ್ಲಾದರೂ ಕಾರು ಕಳುವಾದರೆ ಮೊದಲು ಅನುಮಾನ ಬೀಳೋದು ಇಂಥವರ ಮೇಲೇ. ಮಾಹಿತಿಗೆ ಬೀಗ ಹಾಕಿದ್ದರಿಂದ ಹೊರಗಿನ ರಿಪೇರಿ ನಿಂತಿಲ್ಲ, ಲೆಕ್ಕಕ್ಕೆ ಸಿಗದ ಹಾಗಾಗಿದೆ ಅಷ್ಟೇ.

ಬೇರೆ ಕಡೆ ಹೇಗೆ ಬಿಡಿಸಿದ್ದಾರೆ?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರಲ್ಲಿ ವಾಹನ ರಿಪೇರಿ ಹಕ್ಕನ್ನ ಜನಮತಕ್ಕೆ ಹಾಕಿದರು. ಮತ ಹಾಕಿದವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜನ ಹೌದು ಅಂದರು. ಡೀಲರ್‌ಗೆ ಸಿಗೋ ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜಿಗೂ ಸಿಗಬೇಕು ಅನ್ನೋದು ಕಾನೂನಾಯ್ತು. ಕೀ ಮತ್ತು ಇಮ್ಮೊಬಿಲೈಸರ್ ಮಾಹಿತಿಗೆ ಮಾತ್ರ ಬೇರೆ ಬಾಗಿಲು: ಎನ್‌ಎಎಸ್‌ಟಿಎಫ್ ಅನ್ನೋ ಸಂಸ್ಥೆ ಬೀಗ ಕೆಲಸದವರ ಹಿನ್ನೆಲೆ ಪರಿಶೀಲಿಸಿ ನೋಂದಾಯಿಸುತ್ತೆ. ನೋಂದಾಯಿತರು ಕೀ ಕೋಡ್, ಪಿನ್ ಪಡೀಬಹುದು. ಗಾಡಿ ಯಾರದು, ಕೇಳಿದವರು ಯಾರು ಅನ್ನೋದಕ್ಕೆ ದಾಖಲೆ ಇಡಬೇಕು.

ಐರೋಪ್ಯ ಒಕ್ಕೂಟದಲ್ಲಿ ಇದೇ ಬಗೆಯ ವ್ಯವಸ್ಥೆಗೆ ಸೆರ್ಮಿ ಅಂತ ಹೆಸರು. ಸ್ವತಂತ್ರ ಗ್ಯಾರೇಜ್ ಮತ್ತು ಅದರ ಕೆಲಸಗಾರರನ್ನ ಮಾನ್ಯತೆ ಪಡೆದ ಸಂಸ್ಥೆ ಪರಿಶೀಲಿಸುತ್ತೆ, ಕ್ರಿಮಿನಲ್ ದಾಖಲೆ ಇಲ್ಲ ಅಂತ ಖಾತ್ರಿ ಮಾಡುತ್ತೆ, ಡಿಜಿಟಲ್ ಪ್ರಮಾಣಪತ್ರ ಕೊಡುತ್ತೆ. ಅದಿದ್ದರೆ ಕಂಪನಿ ಭದ್ರತಾ ಮಾಹಿತಿ ಕೊಡಲೇಬೇಕು. ಉಚಿತವಾಗಿ ಅಲ್ಲ, ನ್ಯಾಯವಾದ ಶುಲ್ಕಕ್ಕೆ.

ಇದರಲ್ಲಿ ರಾಕೆಟ್ ವಿಜ್ಞಾನ ಏನೂ ಇಲ್ಲ. ಭಾಯ್‌ನ ನೋಟ್‌ಬುಕ್ಕನ್ನೇ ಕಾನೂನಿನ ಚೌಕಟ್ಟಿಗೆ ತಂದಿದ್ದಾರೆ. ಆರ್‌ಸಿ ವಿವರವನ್ನ ಆನ್‌ಲೈನ್‌ನಲ್ಲಿ ನೋಡೋಕೆ ವಾಹನ್ ಪೋರ್ಟಲ್ ನಮ್ಮಲ್ಲಿ ಈಗಾಗಲೇ ಇದೆ. ಮಾಲೀಕರ ಮೊಬೈಲಿಗೆ ಓಟಿಪಿ ಕಳಿಸಿ ಒಪ್ಪಿಗೆ ಪಡೆಯೋದು ನಮಗೆ ದಿನನಿತ್ಯದ ವಿಷಯ. ಗ್ಯಾಸ್ ಸಿಲಿಂಡರ್‌ಗೆ ಓಟಿಪಿ ಕೇಳೋ ದೇಶದಲ್ಲಿ ಕೀಗೆ ಕೇಳೋದು ಕಷ್ಟವಾ? ನೋಂದಾಯಿತ ಕೀ ತಂತ್ರಜ್ಞ, ಮಾಲೀಕರ ಓಟಿಪಿ, ಕಂಪನಿಯ ಸರ್ವರ್‌ನಲ್ಲಿ ದಾಖಲೆ, ನಿಗದಿತ ಶುಲ್ಕ. ಇಷ್ಟು ಮಾಡಿದರೆ ಕಳ್ಳನಿಗೆ ಈಗಿಗಿಂತ ಕಷ್ಟ, ಮಾಲೀಕರಿಗೆ ಈಗಿಗಿಂತ ಸುಲಭ.

ಅಲ್ಲಿಯವರೆಗೆ ನೀವು ಏನು ಮಾಡಬಹುದು?

— ಎರಡನೇ ಕೀ ಇಲ್ಲದಿದ್ದರೆ ಈಗಲೇ ಮಾಡಿಸಿ. ಒಂದು ಕೀ ಕೈಲಿರುವಾಗ ಖರ್ಚು ಕಡಿಮೆ, ಗಾಡಿ ಟೋ ಮಾಡಿಸೋ ಅಗತ್ಯ ಇಲ್ಲ.

— ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋವಾಗ ಎರಡೂ ಕೀ ಕೇಳಿ. ಕೊಡದಿದ್ದರೆ ಬೆಲೆಯಲ್ಲಿ ಕಳೆಯಿರಿ. ಎಷ್ಟು ಕೀಗಳು ಪಟ್ಟಿಯಲ್ಲಿವೆ ಅಂತ ಹಲವು ಕಾರುಗಳಲ್ಲಿ ಸ್ಕ್ಯಾನರ್ ತೋರಿಸುತ್ತೆ. ನಿಮ್ಮ ಕೈಲಿಲ್ಲದ ಕೀಗಳನ್ನ ಅಳಿಸೋಕೆ ಹೇಳಿ.

— ಹೊಸ ಕಾರಿನ ಕೀ ಜೊತೆ ಒಂದು ಸಣ್ಣ ಟ್ಯಾಗ್‌ನಲ್ಲಿ ಕೀ ನಂಬರ್ ಬಂದರೆ ಅದನ್ನ ಕೀ ಗೊಂಚಲಿಗೇ ಹಾಕಬೇಡಿ. ಫೋಟೋ ತೆಗೆದು ಬೇರೆ ಕಡೆ ಇಡಿ.

— ಸ್ಮಾರ್ಟ್ ಕೀ ಕೆಲಸ ಮಾಡದಿದ್ದರೆ ಮೊದಲು ಬ್ಯಾಟರಿ ಬದಲಿಸಿ ನೋಡಿ. ಯಾವ ಬ್ಯಾಟರಿ ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತೆ.

— ಕೀ ಕಳೆದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ದಾಖಲಿಸಿ. ಕಾರು ಕಳುವಾದಾಗ ವಿಮಾ ಕಂಪನಿಗಳು ಸಾಮಾನ್ಯವಾಗಿ ಎರಡೂ ಕೀ ಕೇಳ್ತವೆ. ಒಂದು ಇಲ್ಲದಿದ್ದರೆ ಈ ದಾಖಲೆಯೇ ನಿಮ್ಮ ಆಧಾರ.

— ಕೀ ಬದಲಾವಣೆಗೆ ವಿಮೆಯಲ್ಲಿ ಆಡ್-ಆನ್ ಸಿಗುತ್ತೆ. ದುಬಾರಿ ಸ್ಮಾರ್ಟ್ ಕೀ ಇರೋ ಗಾಡಿಗೆ ಲೆಕ್ಕ ಹಾಕಿ ನೋಡಿ.

— ಎಸ್ಟಿಮೇಟ್ ಬಿಡಿಬಿಡಿಯಾಗಿ ಬರಹದಲ್ಲಿ ಕೇಳಿ. ಲಾಕ್‌ಸೆಟ್ ಬದಲಿಸಲೇಬೇಕು ಅಂದರೆ ಯಾಕೆ ಅಂತ ಕೇಳಿ. ಅನ್ಯಾಯ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

— ಹೊರಗೆ ಮಾಡಿಸೋದಾದರೆ ಎದುರಿಗೇ ನಿಂತು ಮಾಡಿಸಿ. ಕಳೆದ ಕೀಯನ್ನ ಪಟ್ಟಿಯಿಂದ ತೆಗೆಸಿ. ನಿಮ್ಮ ಆರ್‌ಸಿ ಕೇಳದವರ ಹತ್ತಿರ ಮಾಡಿಸಲೇಬೇಡಿ.

ಇವೆಲ್ಲ ನಮ್ಮ ನಮ್ಮ ಮಟ್ಟದ ಜಾಗ್ರತೆ. ಟ್ರ್ಯಾಕ್ಟರ್, ಫೋನ್, ವಾಷಿಂಗ್ ಮಷೀನ್, ನಾಳೆ ಬರೋ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ, ಎಲ್ಲಕ್ಕೂ ಇದೇ ಪಾಸ್‌ವರ್ಡ್ ಬೀಗ ಬೀಳ್ತಿದೆ. ಚುನಾವಣೆ ಬಂದಾಗ ಪೆಟ್ರೋಲ್ ಬೆಲೆ ಕೇಳ್ತೀವಿ. ರಿಪೇರಿ ಹಕ್ಕಿಗೆ ಕಾನೂನು ಯಾವಾಗ ಅಂತ ಯಾವ ಅಭ್ಯರ್ಥಿಯನ್ನೂ ಕೇಳಿದ್ದು ನಾನಂತೂ ನೋಡಿಲ್ಲ. ಕೇಳೋಕೆ ಶುರು ಮಾಡಬೇಕು.

ಭಾವ ಅವತ್ತೇ ಸಂಜೆ ಡ್ಯೂಟಿಗೆ ಹೋದರು. ಎರಡನೇ ಕೀ ಈಗ ಅಕ್ಕನ ಹತ್ತಿರ, ಅಡುಗೆಮನೆಯ ಸಾಸಿವೆ ಡಬ್ಬಿಯ ಪಕ್ಕ ಮೊಳೆಗೆ ನೇತಾಡ್ತಿದೆ. ಅವಳ ಪ್ರಶ್ನೆಗೆ ನಾನು ಕೊನೆಗೆ ಕೊಟ್ಟ ಉತ್ತರ ಇಷ್ಟು: 'ಗಾಡಿ ನಿಮ್ಮದೇ ಕಣೇ. ಅದರ ಪಾಸ್‌ವರ್ಡ್ ಮಾತ್ರ ಕಂಪನಿಯವರದು.' ಅವಳು ಒಂದು ಕ್ಷಣ ಸುಮ್ಮನಿದ್ದು ಅಂದಳು: 'ಹಂಗಾದ್ರೆ ಕಂತೂ ಅವರೇ ಕಟ್ಟಲಿ.'